ಸೊಂಟದಲ್ಲಿಟ್ಟ ಬೇರು

ನಾಗರಾಜಪ್ಪನವರ ಎಣ್ಣೆ ಗಿರಣಿಯ ಬಾಯ್ಲರ್ ಮನೆಯಲ್ಲಿ ಗೋಡೆಗೆ ಮೊಳೆ ಹೊಡೆದವನು ಕಾಟಲಿಂಗಪ್ಪ. ಸ್ಟೂಲು ಅಲುಗದಂತೆ ಹಿಡಿದುಕೊಂಡು ನಿಂತವನೂ ಅವನೇ. ಆ ಸ್ಟೂಲು ಹತ್ತಿ, ಗಾಜಿನ ಕಟ್ಟು ಹಾಕಿಸಿದ ಸರ್ಟಿಫಿಕೇಟನ್ನು ಮೊಳೆಗೆ ತೂಗುಹಾಕಿದವನು ಮಾತ್ರ ಎತ್ತಪ್ಪ, ಕಾಟಲಿಂಗಪ್ಪನ ಹೆಂಡತಿಯ ತಂಗಿಯ ಗಂಡ. ಯಾಕೆಂದರೆ ಸರ್ಟಿಫಿಕೇಟು ಎತ್ತಪ್ಪನದು.

“ನೆಟ್ಟಗೈತಾ ಅಣ್ಣ?”

“ಎಡಕ್ಕೆ ವಾಲೈತೆ.”

ಎತ್ತಪ್ಪ ಸರಿಸಿದ. “ಈಗ?”

“ಈಗ ಬಲಕ್ಕೆ.”

ಅದು ಮೊದಲ ಸಲವೇ ನೆಟ್ಟಗಿತ್ತು. ಮೂರು ಸಲ ಸರಿಸಿದ ಮೇಲೆ ಕಾಟಲಿಂಗಪ್ಪ, “ಇರ್ಲಿ ಬಿಡು, ಗೋಡೆನೇ ಸೊಟ್ಟ ಐತೆ” ಎಂದು ಕೈ ಒರೆಸಿಕೊಂಡ.

ಹೊಗೆ ಕುಡಿದು ಕಪ್ಪಾದ ಆ ಗೋಡೆಯ ಮೇಲೆ ಅಗಲವಾದ ಒಂದು ಬೆಳ್ಳನೆಯ ಚೌಕವಿತ್ತು. ಹಿಂದಿನ ಅಟೆಂಡೆಂಟ್ ಜಂಬಣ್ಣನ ಸರ್ಟಿಫಿಕೇಟು ಹದಿನೆಂಟು ವರ್ಷ ತೂಗಿದ್ದ ಜಾಗ ಅದು. ಎತ್ತಪ್ಪನ ಕಟ್ಟು ಚಿಕ್ಕದು. ಸುತ್ತ ನಾಲ್ಕು ಬೆರಳಷ್ಟು ಬಿಳುಪು ಹಾಗೇ ಉಳಿಯಿತು. ಆ ದಿನ ಕಾಟಲಿಂಗಪ್ಪನಿಗೆ ಸಿಕ್ಕ ಸಮಾಧಾನ ಅಂದರೆ ಅದೊಂದೇ.

ಸರ್ಟಿಫಿಕೇಟು ಇಲ್ಲದವನು ಬಾಯ್ಲರ್ ನಡೆಸಬಾರದು ಅನ್ನುವುದು ಕಾನೂನು. ಕಾನೂನಿಗೆ ಜಂಬಣ್ಣ ಇದ್ದ. ಹತ್ತು ಗಂಟೆಗೆ ಬಂದು, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಪೇಪರು ಬಿಚ್ಚಿದನೆಂದರೆ ಕಾನೂನಿನ ಕೆಲಸ ಮುಗಿಯಿತು. ಬಾಯ್ಲರಿನ ಕೆಲಸ ಕಾಟಲಿಂಗಪ್ಪನದು. ಬೆಳಕು ಹರಿಯುವ ಮುಂಚೆ ಬಂದು ಬೂದಿ ಎಳೆಯುವುದು, ಶೇಂಗಾ ಸಿಪ್ಪೆ ತುಂಬಿ ಬೆಂಕಿ ಹಚ್ಚುವುದು, ಆವಿ ಏರಿಸುವುದು, ನೀರು ಕಡಿಮೆಯಾದರೆ ಪಂಪು ಬಿಡುವುದು. ಹದಿನಾಲ್ಕು ವರ್ಷ ಹೀಗೇ ನಡೆದಿತ್ತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದದ್ದು ‘ಬೆಂಕಿ ಕೂಲಿ’.

ಎಪ್ಪತ್ತೈದರ ಯುಗಾದಿ ಕಳೆದ ಮೇಲೆ ಜಂಬಣ್ಣನ ಕಣ್ಣಿಗೆ ಪೊರೆ ಬಂತು. ಅವನು ಕುರ್ಚಿ ಬಿಟ್ಟು, ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಹಿರಿಯೂರಿಗೆ ಮಗಳ ಮನೆಗೆ ಹೋದ. ಮಾರನೆಯ ದಿನ ಕಾಟಲಿಂಗಪ್ಪ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಸಾಹುಕಾರರ ಗದ್ದಿಗೆಯ ಮುಂದೆ ನಿಂತ.

“ನಿನ್ನ ಕೆಲಸದ ಮೇಲೆ ನಂಗೇನು ಅನುಮಾನ ಇಲ್ಲ ಕಣಪ್ಪ” ಎಂದರು ನಾಗರಾಜಪ್ಪ. “ಆದ್ರೆ ಇನ್ಸ್‌ಪೆಕ್ಟರ್ ಬಂದು ಸರ್ಟಿಫಿಕೇಟು ಎಲ್ಲೈತೆ ಅಂದ್ರೆ ಏನು ತೋರಿಸ್ಲಿ? ನಿನ್ನ ಕೈನ ಕಡಿದು ಮೊಳೆಗೆ ತೂಗಾಕ್ಲಾ?”

“ಹದಿನಾಲ್ಕು ವರ್ಷ ಆತ್ರಿ ಸಾವ್ಕಾರ್ರೆ.”

“ಅದ್ನೇ ಹೇಳಾದು. ಹದಿನಾಲ್ಕು ವರ್ಷದಾಗೆ ಒಂದ್ಸಲ ಪರೀಕ್ಷೆಗೆ ಕಟ್ಟಬಾರದಿತ್ತಾ? ಎತ್ತಪ್ಪ ಬಂದು ಮೂರು ವರ್ಷ ಆಗಿಲ್ಲ, ಕಟ್ಟಿ ಪಾಸು ಮಾಡ್ಕಂಡು ಬಂದ.”

ಸಂಕಟ ಇದ್ದದ್ದು ಇಲ್ಲಿಯೇ. ಯಲ್ಲದಕೆರೆಯಲ್ಲಿ ಕೆಲಸವಿಲ್ಲದೆ ಅಲೆಯುತ್ತಿದ್ದ ಎತ್ತಪ್ಪನನ್ನು ಕರೆತಂದು ಗಿರಣಿಗೆ ಸೇರಿಸಿದವನು ಕಾಟಲಿಂಗಪ್ಪ. ಸಿಪ್ಪೆಯನ್ನು ಹೊಗೆಯಾಡದಂತೆ ತೆಳ್ಳಗೆ ಎರಚುವುದು ಹೇಗೆ, ಚಿಮಣಿಯ ಹೊಗೆಬಾಗಿಲು ಎಷ್ಟು ತೆರೆಯಬೇಕು, ಆವಿ ಏರುವಾಗ ಕಬ್ಬಿಣದ ಸದ್ದು ಹೇಗೆ ಬದಲಾಗುತ್ತದೆ, ಎಲ್ಲಾ ಹೇಳಿಕೊಟ್ಟವನೂ ಅವನೇ. ಎತ್ತಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದವನು. ಅರ್ಜಿ ತುಂಬುವಷ್ಟು ಅಕ್ಷರ ಬರುತ್ತಿತ್ತು. ‘ಇವನು ನನ್ನ ಕೈಕೆಳಗೆ ಕೆಲಸ ಮಾಡಿದ್ದಾನೆ’ ಎಂದು ಸರ್ಟಿಫಿಕೇಟು ಇದ್ದವರೊಬ್ಬರು ಸಹಿ ಹಾಕಬೇಕಿತ್ತು; ಜಂಬಣ್ಣ ಪೇಪರಿನಿಂದ ತಲೆ ಎತ್ತದೆ ಹಾಕಿಕೊಟ್ಟ. “ನೀನೂ ಒಂದು ತುಂಬಲೇ ಕಾಟಲಿಂಗ” ಎಂದೂ ಹೇಳಿದ್ದ. ಕಾಟಲಿಂಗಪ್ಪ ನಕ್ಕುಬಿಟ್ಟಿದ್ದ. “ನಂಗ್ಯಾಕೆ ಕಾಗದ? ಇದು ನನ್ನ ದನಿ ಕೇಳಿದ್ರೆ ಸಾಕು ಬೆಚ್ಚಗಾಗ್ತೈತೆ” ಎಂದು ಬಾಯ್ಲರಿನ ಹೊಟ್ಟೆ ತಟ್ಟಿದ್ದ. ಆ ನಗುವನ್ನು ವಾಪಸು ತೆಗೆದುಕೊಳ್ಳುವ ಹಾಗಿದ್ದರೆ ಈಗ ತೆಗೆದುಕೊಳ್ಳುತ್ತಿದ್ದ.

ಅಟೆಂಡೆಂಟ್ ಕೆಲಸದ ಜೊತೆಗೆ ಗಿರಣಿಯ ಹಿಂದಿನ ಹೆಂಚಿನ ಮನೆಯೂ ಸೇರಿತ್ತು. ಎರಡು ಕೋಣೆ, ಅಂಗಳದಲ್ಲೇ ನಲ್ಲಿ. ಕಾಟಲಿಂಗಪ್ಪನ ಹೆಂಡತಿ ಗಂಗಕ್ಕ ಆ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಮನಸ್ಸಿನಲ್ಲೇ ಅದನ್ನು ಸಾರಿಸಿ, ರಂಗೋಲಿ ಬಿಟ್ಟು, ತನ್ನ ಎರಡು ಹೆಣ್ಣುಮಕ್ಕಳನ್ನು ಆ ಅಂಗಳದಲ್ಲಿ ಓದಲು ಕೂರಿಸಿ ಮುಗಿಸಿದ್ದಳು. ಈಗ ಅಲ್ಲಿ ಅವಳ ತಂಗಿ ಕಾಟಮ್ಮ ಒಲೆ ಹೂಡಿದಳು. ಹಾಲು ಉಕ್ಕಿಸಿದ ದಿನ ಕಾಟಮ್ಮ ಒಬ್ಬಟ್ಟು ತಂದಳು.

“ತಗ ಅಕ್ಕ, ಬಿಸಿ ಐತೆ. ಭಾವನಿಗೆ ಅಂತ ತುಪ್ಪ ಬೇರೆ ಹಾಕೀನಿ.”

“ಇಡು ಅಲ್ಲಿ” ಎಂದಳು ಗಂಗಕ್ಕ. “ನಿಮ್ಮನೆ ನಲ್ಲಿನಾಗೆ ನೀರು ಎಷ್ಟೊತ್ತಿಗೆ ಬರ್ತೈತೆ?”

“ಯಾವಾಗ್ಲೂ ಬರ್ತೈತೆ ಕಣಕ್ಕ. ನೀನೂ ಅಲ್ಲಿಗೇ ಬಂದು ಹಿಡ್ಕ. ಬೇರೆ ಯಾರದಾದ್ರೂ ಮನೆನಾ?”

ಕಾಟಮ್ಮ ಆ ಕಡೆ ಹೋದಮೇಲೆ ಗಂಗಕ್ಕ ಒಬ್ಬಟ್ಟಿನ ತಟ್ಟೆಯನ್ನು ಗಂಡನ ಮುಂದೆ ಸರಿಸಿದಳು. “ತಿನ್ರಿ. ನೀವು ಬೆಂದಿದ್ದಕ್ಕೆ ಬಂದ ತುಪ್ಪ.”

ಅವನು ತಿಂದ. ಒಬ್ಬಟ್ಟು ಚೆನ್ನಾಗಿತ್ತು. ಅದಕ್ಕೂ ಹೊಟ್ಟೆ ಉರಿಯಿತು.

ಎತ್ತಪ್ಪ ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಾಗುತ್ತಿತ್ತು. ಅವನು ಜಂಬಣ್ಣನ ಕುರ್ಚಿಯಲ್ಲಿ ಕೂರಲೇ ಇಲ್ಲ. “ನೀನು ಕುಂತ್ಕ ಅಣ್ಣ” ಅನ್ನುತ್ತಿದ್ದ. ಕಾಟಲಿಂಗಪ್ಪನೂ ಕೂರುತ್ತಿರಲಿಲ್ಲ. ಕುರ್ಚಿ ಇಬ್ಬರ ನಡುವೆ ಖಾಲಿ ಇತ್ತು. ಖಾಕಿ ಅಂಗಿ ಹೊಲಿಸಿಕೊಂಡ ಎತ್ತಪ್ಪ ಜೇಬಿಗೆ ಪೆನ್ನು ಸಿಕ್ಕಿಸಿಕೊಂಡು, ಗಂಟೆಗೊಂದು ಸಲ ಆವಿಯ ಮುಳ್ಳು ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದ. ಬರೆದು ತಲೆ ಆಡಿಸುತ್ತಿದ್ದ. ಆ ತಲೆ ಆಡಿಸುವುದನ್ನು ನೋಡಿದರೆ ಕಾಟಲಿಂಗಪ್ಪನಿಗೆ ಕೈಯಲ್ಲಿದ್ದ ಸಲಿಕೆ ಭಾರವಾಗುತ್ತಿತ್ತು. ಸಿಪ್ಪೆ ಹೊರುವ ಹೆಂಗಸರು ಮೊದಲು “ಕಾಟಲಿಂಗಣ್ಣ, ಎಲ್ಲಿ ಸುರಿಯಾನ?” ಅನ್ನುತ್ತಿದ್ದವರು ಈಗ ಖಾಕಿ ಅಂಗಿಯ ಕಡೆಗೆ ನೋಡುತ್ತಿದ್ದರು.

ಆದರೂ ಅವನು ಒಂದನ್ನು ಹೇಳಿಕೊಟ್ಟಿರಲಿಲ್ಲ.

ಬಾಯ್ಲರಿನ ಮುಖದ ಮೇಲೆ ಎರಡು ಗಾಜಿನ ನಳಿಕೆಗಳಿದ್ದವು. ಒಳಗೆ ನೀರು ಎಷ್ಟಿದೆ ಅನ್ನುವುದು ಆ ಗಾಜಿನಲ್ಲಿ ಕಾಣುತ್ತಿತ್ತು. ನೀರು ಇಳಿದು ಕಬ್ಬಿಣ ಬರಿದಾದರೆ ಬಾಯ್ಲರ್ ಒಡೆಯುತ್ತದೆ. ಎದುರಿಗೆ ಇದ್ದವನು ಉಳಿಯುವುದಿಲ್ಲ. ಗಿರಣಿಯ ಬಾವಿಯದು ಸವುಳು ನೀರು. ಅದರ ಸುಣ್ಣ ಕೂತು, ಗಾಜಿಗೆ ಹೋಗುವ ಕೆಳಗಿನ ದಾರಿ ಎರಡು ಮೂರು ದಿನದಲ್ಲಿ ಕಟ್ಟಿಕೊಳ್ಳುತ್ತಿತ್ತು. ಆಮೇಲೆ ಒಳಗೆ ನೀರು ಇಳಿದರೂ ಗಾಜಿನಲ್ಲಿ ಇಳಿಯುತ್ತಿರಲಿಲ್ಲ. ಮುಕ್ಕಾಲು ತುಂಬಿದ ಹಾಗೆಯೇ ತೋರಿಸುತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವರ್ಷ ಕಾಟಲಿಂಗಪ್ಪ ಇದರಿಂದ ಕೂದಲೆಳೆಯಲ್ಲಿ ಬಚಾವಾಗಿದ್ದ. ಅವತ್ತಿನಿಂದ ದಿನಾ ಬೆಳಿಗ್ಗೆ, ಯಾರೂ ಬರುವ ಮುಂಚೆ, ಗಾಜಿನ ಕೆಳಗಿನ ತಿರುಪು ಬಿಚ್ಚಿ, ಆವಿ ಬುಸ್ಸೆಂದು ನುಗ್ಗಿ ಸುಣ್ಣ ಕಿತ್ತುಕೊಂಡು ಹೋಗುವಂತೆ ಮಾಡಿ, ಮತ್ತೆ ಮುಚ್ಚುತ್ತಿದ್ದ. ಇದು ಈ ಬಾಯ್ಲರಿನ ಚಾಳಿ, ತನಗೊಬ್ಬನಿಗೇ ಗೊತ್ತಿರುವ ಚಾಳಿ ಎಂದು ಅವನು ನಂಬಿದ್ದ.

ಹೇಳಿಕೊಡದೆ ಉಳಿಸಿಕೊಂಡದ್ದಕ್ಕೆ ಅಪ್ಪನ ಮಾತು ಕಾರಣ. ಮತ್ತೋಡಿನ ಕಡೆ ಹಟ್ಟಿಯಲ್ಲಿ ಅಪ್ಪ ಚಿತ್ತಪ್ಪ ಕುರಿಗಳಿಗೆ ಔಷಧಿ ಕೊಡುವುದರಲ್ಲಿ ಎತ್ತಿದ ಕೈ. ಹೊಟ್ಟೆ ಉಬ್ಬರಿಸಿ ಕಾಲು ನೀಡಿದ ಕುರಿಯನ್ನೂ ಎಬ್ಬಿಸುತ್ತಿದ್ದ. ಕಾಲುಹುಣ್ಣು, ಕೆಮ್ಮು, ಭೇದಿ, ಎಲ್ಲದರ ಸೊಪ್ಪನ್ನೂ ಮಕ್ಕಳಿಗೆ ತೋರಿಸಿದ. ಹೊಟ್ಟೆ ಉಬ್ಬರದ ಬೇರು ಮಾತ್ರ ತೋರಿಸಲಿಲ್ಲ. ಅದನ್ನು ಉಡಿದಾರಕ್ಕೆ ಕಟ್ಟಿ ಸೊಂಟದಲ್ಲಿ ಇಟ್ಟುಕೊಳ್ಳುತ್ತಿದ್ದ, ಬೆನ್ನು ತಿರುಗಿಸಿ ಅರೆಯುತ್ತಿದ್ದ. “ಎಲ್ಲಾ ಹೇಳ್ಕೊಡು, ಒಂದು ಬೇರು ಸೊಂಟದಾಗೆ ಇಟ್ಕ. ಹೇಳಿದ್ರೆ ಔಷಧಿ ಬಲ ಹೋಗ್ತೈತೆ” ಅನ್ನುತ್ತಿದ್ದ. ಹಟ್ಟಿಯಲ್ಲಿ ಎಲ್ಲ ಹಿರಿಯರೂ ಹೀಗೆಯೇ ನಡೆದುಕೊಳ್ಳುತ್ತಿದ್ದರು. ಅದು ಜಿಪುಣತನ ಎಂದು ಯಾರಿಗೂ ಅನ್ನಿಸಿರಲಿಲ್ಲ.

ಒಬ್ಬಟ್ಟು ತಿಂದು ಎಂಟು ದಿನವಾಗಿತ್ತು. ಸಾಹುಕಾರರು ಬಾಯ್ಲರ್ ಮನೆಗೆ ಬಂದು, ಎತ್ತಪ್ಪನ ಪುಸ್ತಕ ತಿರುವಿ, “ಹಿಂಗಿರ್ಬೇಕು ನೋಡು. ಇಷ್ಟು ದಿನ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂಗಿತ್ತು” ಎಂದರು. ಮಾತು ಜಂಬಣ್ಣನಿಗೆ ಹೇಳಿದ್ದಿರಬಹುದು. ಬಿದ್ದದ್ದು ಕಾಟಲಿಂಗಪ್ಪನ ಮೈಮೇಲೆ. ಆ ಸಂಜೆಯೇ, ಹಟ್ಟಿಯಲ್ಲಿದ್ದ ಅಕ್ಕನ ಮನೆಗೆ ಹೋಗಲು ಮೂರು ದಿನ ರಜೆ ಕೇಳಿದ.

“ಹಬ್ಬ ಇಲ್ಲ, ಹುಣ್ಣಿಮೆ ಇಲ್ಲ, ಈಗ್ಯಾಕ್ರಿ ಅಕ್ಕನ ಮನೆ?” ಎಂದಳು ಗಂಗಕ್ಕ.

“ಹದಿನಾಲ್ಕು ವರ್ಷದಾಗೆ ರಜೆ ಹಾಕೀನೇನೇ? ಸರ್ಟಿಫಿಕೇಟ್ನೋರು ಅವ್ರಲ್ಲ, ನಡೆಸ್ಲಿ.”

ಬಾಯಲ್ಲಿ ಹೇಳಿದ್ದು ಅಷ್ಟೇ. ಹೊಟ್ಟೆಯಲ್ಲಿ ಇದ್ದದ್ದು ಬೇರೆ. ಮೂರು ದಿನ ತಿರುಪು ಬಿಚ್ಚುವವರಿಲ್ಲದಿದ್ದರೆ ಗಾಜು ಕಟ್ಟಿಕೊಳ್ಳುತ್ತದೆ. ಎತ್ತಪ್ಪ ಗಾಜಿನಲ್ಲಿ ಕಂಡ ಸುಳ್ಳು ನೀರನ್ನೇ ಪುಸ್ತಕದಲ್ಲಿ ಬರೆದು ತಲೆ ಆಡಿಸುತ್ತಾನೆ. ಒಳಗೆ ನೀರು ಇಳಿಯುತ್ತದೆ. ಒಲೆಯ ನೆತ್ತಿಯಲ್ಲಿ ಸೀಸದ ಬಿರಡೆಯೊಂದಿದೆ. ನೀರು ತೀರಾ ಇಳಿದರೆ ಅದು ಕರಗಿ, ಆವಿ ಒಲೆಗೆ ನುಗ್ಗಿ ಬೆಂಕಿ ಆರುತ್ತದೆ. ಯಾರಿಗೂ ಏನೂ ಆಗುವುದಿಲ್ಲ. ಗಿರಣಿ ನಿಲ್ಲುತ್ತದೆ, ಅಷ್ಟೇ. ಆಗ ಸಾಹುಕಾರರು ಕಾಟಲಿಂಗಪ್ಪ ಎಲ್ಲಿ ಎಂದು ಕೇಳಲೇಬೇಕು. ಬಿರಡೆ ಬದಲಿಸಿ ಎರಡು ವರ್ಷವಾಗಿದೆ, ಅದರ ಮೇಲೂ ಸುಣ್ಣ ಕೂತಿರಬಹುದು ಅನ್ನುವುದು ಅವನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಆ ಮೂರು ದಿನದ ಮಟ್ಟಿಗೆ ಬದಿಗಿಟ್ಟ.

ಹಟ್ಟಿಯಲ್ಲಿ ಅಕ್ಕ ದೊಡ್ಡಕ್ಕ ರಾಗಿಮುದ್ದೆ ಹಾಕಿ, ತಮ್ಮನ ಮುಖ ನೋಡಿ, “ಯಾಕೋ ಕಡ್ಡಿ ಆಗಿದ್ದೀಯಲ್ಲೋ. ಬೆಂಕಿ ಮುಂದೆ ನಿಂತು ನಿಂತು ನೀನೂ ಬೂದಿ ಆಗ್ತೀಯ” ಎಂದಳು. ಅವನು ಎತ್ತಪ್ಪನ ಖಾಕಿ ಅಂಗಿ, ಪೆನ್ನು, ನಲ್ಲಿ, ಒಬ್ಬಟ್ಟು, ಎಲ್ಲಾ ಹೇಳಿಕೊಂಡ.

“ನೀನೇ ತಂದು ಸೇರ್ಸಿದೋನಲ್ಲೇನೋ?”

“ಅದಕ್ಕೇ ಕಣಕ್ಕ ಉರಿಯಾದು. ಬೇರೆ ಯಾವನಾದ್ರೂ ಆಗಿದ್ರೆ ನಿದ್ದೆ ಬರ್ತಿತ್ತು.”

ಮೂರನೆಯ ದಿನ ನಸುಕಿನಲ್ಲಿ ರೊಪ್ಪದಿಂದ ದೊಡ್ಡಕ್ಕನ ಕೂಗು ಕೇಳಿಸಿತು. ಕರಿಮೊಗದ ಕುರಿಯೊಂದು ಹಸಿ ಜೋಳದ ಕುಡಿ ಮೇದು ಹೊಟ್ಟೆ ತಮಟೆಯಾಗಿ ಬಿದ್ದಿತ್ತು. ಎಣ್ಣೆ ಕುಡಿಸಿದರು, ಹೊಟ್ಟೆ ನೀವಿದರು, ಬಾಯಿಗೆ ಕಡ್ಡಿ ಅಡ್ಡ ಕಟ್ಟಿದರು. ಬಿಸಿಲು ಬೀಳುವಷ್ಟರಲ್ಲಿ ಕುರಿ ಸತ್ತಿತು. ಹೊಟ್ಟೆಯೊಳಗೆ ಮರಿ ಇತ್ತು.

ದೊಡ್ಡಕ್ಕ ಅಳಲಿಲ್ಲ. ಕುರಿಯ ಕಿವಿ ಹಿಡಿದುಕೊಂಡೇ ಕೂತಿದ್ದಳು. “ಅಪ್ಪನ ಮೈ ತೊಳೆಯಾಗ ಉಡಿದಾರದಾಗೆ ಆ ಬೇರು ಸಿಕ್ತಲ್ಲ, ನೆಪ್ಪೈತಾ? ಒಣಗಿ ಕರ್ರಗಾಗಿತ್ತು. ಊರೆಲ್ಲ ಮೂಸಿ ನೋಡಿದ್ರು. ಯಾವ ಗಿಡದ್ದು ಅಂತ ಒಬ್ರಿಗೂ ಗೊತ್ತಾಗ್ಲಿಲ್ಲ.”

“ನೆಪ್ಪೈತೆ.”

“ಅಪ್ಪ ಬದುಕ್ಸಿದ ಕುರಿ ಲೆಕ್ಕ ಎಲ್ರೂ ಹೇಳ್ತಾರೆ. ಅವ್ನು ಹೇಳ್ದೆ ಹೋಗಿದ್ದಕ್ಕೆ ಸತ್ತ ಕುರಿ ಲೆಕ್ಕ ನಾನೊಬ್ಳೇ ಇಟ್ಟಿರಾದು.”

ಕಾಟಲಿಂಗಪ್ಪ ಎದ್ದು ನಿಂತ. ಕೈ ತೊಳೆಯಲಿಲ್ಲ. ಚೀಲವನ್ನೂ ಮರೆತು ಮತ್ತೋಡಿನ ಬಸ್ ನಿಲ್ಲುವ ಕಡೆಗೆ ದಾಪುಗಾಲು ಹಾಕಿದ. ಹಿಂದಿನಿಂದ ದೊಡ್ಡಕ್ಕ, “ಉಂಡು ಹೋಗಲೋ” ಎಂದದ್ದು ಕೇಳಿಸಿತು.

ಹೊಸದುರ್ಗದಲ್ಲಿ ಬಸ್ ಬದಲಿಸಿ, ಗಿರಣಿ ಇದ್ದ ದುರ್ಗದ ಬಸ್ ಹತ್ತಿದ. ಹೊಳಲ್ಕೆರೆಯಲ್ಲಿ ಡ್ರೈವರ್ ಇಳಿದು ಚಹಾ ಕುಡಿಯಲು ಹೋದವನು ಬರಲೇ ಇಲ್ಲ.

“ಎಷ್ಟೊತ್ತಪ್ಪ ಇನ್ನೂ?” ಎಂದು ಕಂಡಕ್ಟರನನ್ನು ಕೇಳಿದ.

“ಏನ್ ಯಜಮಾನ್ರೆ, ದುರ್ಗದಾಗೆ ಮದುವೆ ಐತಾ?”

“ಒಲೆ ಮೇಲೆ ಇಟ್ಟು ಬಂದೀನಿ.”

“ಹೆಂಡ್ರು ಇಳಿಸ್ತಾರೆ ಬಿಡ್ರಿ” ಎಂದು ಕಂಡಕ್ಟರ್ ನಕ್ಕ.

ಬಸ್ ಹೊರಟ ಮೇಲೆ ಕಾಟಲಿಂಗಪ್ಪ ಕಿಟಕಿಯ ಸರಳು ಹಿಡಿದು ಕೂತ. ಕಣ್ಣ ಮುಂದೆ ಬರೀ ಆ ಗಾಜು. ಮುಕ್ಕಾಲು ತುಂಬಿದ ಸುಳ್ಳು ನೀರು, ಅದರ ಎದುರಿಗೆ ಪೆನ್ನು ಹಿಡಿದು ಬಗ್ಗಿದ ಎತ್ತಪ್ಪ. ಆಮೇಲೆ ಕಾಟಮ್ಮನ ಹಣೆ. ಭಾವನಿಗೆ ಅಂತ ತುಪ್ಪ ಹಾಕಿದವಳು. ಆದರೆ ಹೊಟ್ಟೆಕಿಚ್ಚು ಎಂಥ ಭಂಡ ಅಂದರೆ, ಆ ಹೆದರಿಕೆಯ ನಡುವೆಯೂ ಅದು ತಲೆ ಎತ್ತಿತು. ಎತ್ತಪ್ಪ ಸತ್ತರೆ ಅವನ ಫೋಟೋಕ್ಕೆ ಹಾರ ಹಾಕಿ ಅದೇ ಮೊಳೆಗೆ ತೂಗುಹಾಕುತ್ತಾರೆ. ಬದುಕಿದರೂ ಗೋಡೆ ಮೇಲೆ ಅವನೇ, ಸತ್ತರೂ ಅವನೇ. ಹೀಗೆ ಅನ್ನಿಸಿದ್ದಕ್ಕೆ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಮೈಲಾರಲಿಂಗ, ಮುಕ್ಕಣ್ಣ ಎಂದು ಬಾಯಿಗೆ ಬಂದ ದೇವರನ್ನೆಲ್ಲ ಕರೆದ.

ದುರ್ಗದ ಬೆಟ್ಟ ಕಂಡಿತು. ಆಮೇಲೆ ಗಿರಣಿಯ ಚಿಮಣಿ. ಹೊಗೆ ತೆಳ್ಳಗೆ, ಬೂದು ಬಣ್ಣಕ್ಕೆ, ಹೇಗಿರಬೇಕೋ ಹಾಗೆ ಏಳುತ್ತಿತ್ತು.

ಗೇಟಿನ ಹತ್ತಿರವೇ ಬಸ್ ನಿಲ್ಲಿಸಲು ಹೇಳಿ ಇಳಿದು ಓಡಿದ. ಬಾಯ್ಲರ್ ಮನೆಯ ಬಾಗಿಲಿನಲ್ಲಿ ಕಾಲು ನಿಂತಿತು. ಎತ್ತಪ್ಪ ಗಾಜಿನ ಮುಂದೆ ಮೊಣಕಾಲೂರಿ ಕೂತಿದ್ದ. ಖಾಕಿ ಅಂಗಿ ಬಿಚ್ಚಿಟ್ಟು ಬನಿಯನ್ನಿನಲ್ಲಿ ಇದ್ದ. ಕೆಳಗಿನ ತಿರುಪು ಬಿಚ್ಚಿದ. ಬುಸ್ಸೆಂದು ಆವಿ ನುಗ್ಗಿತು, ಸುಣ್ಣದ ನೀರು ಹಾಲಿನ ಹಾಗೆ ಹರಿಯಿತು. ಮುಚ್ಚಿದ. ಗಾಜಿನಲ್ಲಿ ನೀರು ಸರ್ರನೆ ಏರಿ, ಅರ್ಧಕ್ಕೆ ಬಂದು, ಒಮ್ಮೆ ತೂಗಿ ನಿಂತಿತು. ನಿಜವಾದ ನೀರು.

ಕಾಟಲಿಂಗಪ್ಪ ಕೈಗೆ ಸಿಕ್ಕ ಖಾಲಿ ಕುರ್ಚಿಯಲ್ಲಿ ಕೂತ. ಅದು ಜಂಬಣ್ಣನ ಕುರ್ಚಿ ಅನ್ನುವುದು ಕೂತ ಮೇಲೆ ಗೊತ್ತಾಯಿತು.

“ಬಂದ್ಯಾ ಅಣ್ಣ? ನಾಳೆ ಬರ್ತೀಯ ಅಂದ್ಕಂಡಿದ್ದೆ” ಎಂದ ಎತ್ತಪ್ಪ. “ಮುಖ ಯಾಕೆ ಹಿಂಗಾಗೈತೆ? ಅಕ್ಕ ಹುಷಾರಾಗವ್ರಾ?”

“ಅದ್ನ ಯಾರು ಹೇಳ್ಕೊಟ್ರು ನಿಂಗೆ?”

“ಯಾವ್ದನ್ನ?”

“ಆ ತಿರುಪು ಬಿಚ್ಚಾದು.”

ಎತ್ತಪ್ಪ ಹಳೆ ಬಟ್ಟೆಯಿಂದ ಕೈ ಒರೆಸಿಕೊಂಡ. “ಇದಾ? ಇದ್ನ ಯಾರು ಹೇಳ್ಬೇಕಣ್ಣ. ಪರೀಕ್ಷೆನಾಗೆ ಮೊದಲ್ನೇ ಪ್ರಶ್ನೆನೇ ಇದು. ಬೆಂಗಳೂರಾಗೆ ಮೂರು ಜನ ಸಾಹೇಬ್ರು ಕುಂತಿದ್ರು. ಬಾಗ್ಲಾಗೆ ಕಾಲಿಟ್ಟಿರ್ಲಿಲ್ಲ, ‘ಡ್ಯೂಟಿಗೆ ಬಂದ ಕೂಡ್ಲೇ ಮೊದ್ಲು ಏನಪ್ಪ ಮಾಡ್ತೀಯ’ ಅಂದ್ರು. ಬೆಂಕಿ ಹಚ್ತೀನಿ ಅಂದೋರೆಲ್ಲ ವಾಪಸ್ ಬಂದ್ರು. ಗಾಜು ಊದ್ಸಿ ನೀರು ನಿಜಾನೋ ಸುಳ್ಳೋ ನೋಡ್ತೀನಿ ಅಂದೋರ್ನ ಮಾತ್ರ ಕುಂಡ್ರಿಸ್ಕಂಡ್ರು.”

ಹದಿನಾಲ್ಕು ವರ್ಷ ಸೊಂಟದಲ್ಲಿ ಕಟ್ಟಿಕೊಂಡು ತಿರುಗಿದ ಬೇರು, ಬೆಂಗಳೂರಿನ ಬಾಗಿಲಲ್ಲೇ ಬಿದ್ದಿತ್ತು. ಹೋದವರೆಲ್ಲ ಎತ್ತಿಕೊಳ್ಳಬಹುದಾಗಿತ್ತು.

“ಗೊತ್ತಿದ್ರೆ ಇಷ್ಟು ದಿನ ಯಾಕೆ ಮಾಡ್ತಿರ್ಲಿಲ್ಲ?” ಎಂದ ಕಾಟಲಿಂಗಪ್ಪ.

“ನೀನು ಮಾಡ್ತಿದ್ಯಲ್ಲ. ನಸುಕಿನಾಗೆ ಬಂದು ಬಾಗ್ಲು ಮುಚ್ಕಂಡು ಮಾಡ್ತಿದ್ದೆ. ಬುಸ್ ಅಂಬೋ ಸದ್ದು ಹಿಂದಿನ ಮನೆಗೆ ಕೇಳಿಸ್ತೈತೆ. ಕಾಟಮ್ಮ ಅದ್ನ ಕೇಳೇ ಏಳಾದು. ದೊಡ್ಡೋರು ಕೈ ಇಟ್ಟ ಕೆಲಸಕ್ಕೆ ನಾನು ಯಾಕೆ ಕೈ ಇಡ್ಲಿ? ನೀನು ಊರಾಗಿಲ್ಲ ಅಂತ ಮೂರು ದಿನದಿಂದ ಮಾಡ್ತಿದೀನಿ.”

ತಾನು ಏನು ಅಂದುಕೊಂಡು ಊರಿಗೆ ಹೋಗಿದ್ದೆ ಅನ್ನುವುದು ಇವನಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಕಾಟಲಿಂಗಪ್ಪ ಎತ್ತಪ್ಪನ ಮುಖ ನೋಡಿದ. ಬೆವರು, ಮಸಿ. ಬೇರೇನೂ ಓದಲಾಗಲಿಲ್ಲ.

“ಮಿಕ್ಕಿದ್ದು ಏನು ಕೇಳಿದ್ರು?”

“ಸಿಪ್ಪೆ ಹೆಂಗೆ ಎರಚ್ಬೇಕು, ಹೊಗೆ ಕಪ್ಪಾದ್ರೆ ಏನು ಮಾಡ್ಬೇಕು, ಇಂಥವೇ. ಅದೆಲ್ಲ ನೀನು ಹೇಳ್ಕೊಟ್ಟಿದ್ದೇ. ನಿನ್ನ ಮಾತ್ನೇ ಒಪ್ಪಿಸಿ ಬಂದೆ. ಚೆನ್ನಾಗಿ ಹೇಳ್ತೀಯ, ಯಾರಯ್ಯ ಕಲಿಸಿದ್ದು ಅಂದ್ರು.”

“ಏನಂದೆ?”

ಎತ್ತಪ್ಪ ಬಟ್ಟೆಯನ್ನು ಕೈಯಲ್ಲಿ ಹಿಂಡಿದ. “ಜಂಬಣ್ಣ ಅಂದೆ. ಕಾಗದದಾಗೆ ಅವ್ರ ಸಹಿ ಇತ್ತಲ್ಲ ಅಣ್ಣ. ಬೇರೆ ಹೆಸ್ರು ಹೇಳಿದ್ರೆ ಎಲ್ಲಿ ಫೇಲು ಮಾಡ್ತಾರೋ ಅಂತ.”

ಹೊಟ್ಟೆಯಲ್ಲಿ ಆರಿತು ಅಂದುಕೊಂಡಿದ್ದದ್ದು ಮತ್ತೆ ಭಗ್ಗೆಂದಿತು. ಬೆಂಗಳೂರಿನ ಮೂರು ಜನ ಸಾಹೇಬರ ಮುಂದೆ ತನ್ನ ಮಾತು ನಡೆದುಹೋಗಿತ್ತು, ಜಂಬಣ್ಣನ ಹೆಸರು ಹೊದ್ದುಕೊಂಡು. ಕಾಟಲಿಂಗಪ್ಪ ಗೋಡೆ ನೋಡಿದ. ಕಟ್ಟಿನ ನಾಲ್ಕು ಮೂಲೆಗೂ ಕಾಟಮ್ಮ ಅರಿಶಿನ ಕುಂಕುಮ ಹಚ್ಚಿದ್ದಳು. ಸರ್ಟಿಫಿಕೇಟಿನ ಫೋಟೋದ ಎತ್ತಪ್ಪ ಹೆದರಿದವನಂತೆ ನೆಟ್ಟಗೆ ನೋಡುತ್ತಿದ್ದ. ಸುತ್ತ ನಾಲ್ಕು ಬೆರಳು ಬಿಳುಪು.

“ನಾಲ್ಕು ತಿಂಗಳಿಗೆ ಮತ್ತೆ ಪರೀಕ್ಷೆ ಐತಂತೆ” ಎಂದ ಎತ್ತಪ್ಪ, ನೆಲ ನೋಡುತ್ತಾ. “ಹಿರಿಯೂರಿನ ಕಡೆ ಯಾವುದೋ ಗಿರಣಿಗೆ ಅಟೆಂಡೆಂಟ್ ಬೇಕಂತೆ, ಮನೆನೂ ಕೊಡ್ತಾರಂತೆ. ನಿಂಗೆ ಅಂತ ಅರ್ಜಿ ತರ್ಸಿಟ್ಟೀನಿ, ನಾನೇ ತುಂಬ್ತೀನಿ. ಆದ್ರೆ...”

“ಆದ್ರೆ ಏನು?”

“ನನ್ನ ಕೈಕೆಳಗೆ ಕೆಲಸ ಮಾಡವ್ನೆ ಅಂತ ಸರ್ಟಿಫಿಕೇಟು ಇದ್ದೋರು ಸಹಿ ಹಾಕ್ಬೇಕು. ಜಂಬಣ್ಣಂಗೆ ಕಣ್ಣು ಕಾಣಲ್ಲ. ಇಲ್ಲಿ ಇರೋನು ನಾನೇ. ನೀನು ಬೇಜಾರು ಮಾಡ್ಕತೀಯ ಅಂತ ಹದಿನೈದು ದಿನದಿಂದ ಜೇಬಿನಾಗೇ ಇಟ್ಕಂಡೀನಿ.”

ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಖಾಕಿ ಅಂಗಿಯ ಜೇಬಿನಿಂದ ಮಡಿಸಿದ ಕಾಗದ ಪೆನ್ನಿನ ಪಕ್ಕದಲ್ಲಿ ಇಣುಕುತ್ತಿತ್ತು. ಕಾಟಲಿಂಗಪ್ಪ ಅದನ್ನು ನೋಡಿದ. ಎತ್ತಪ್ಪನ ಕೈಕೆಳಗೆ ಕಾಟಲಿಂಗಪ್ಪ. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹಾಗೆಂದು ಬರೆದು, ಕೆಳಗೆ ಅವನು ಸಹಿ ಮಾಡುತ್ತಾನೆ. ಗಂಗಕ್ಕನಿಗೆ ಹೇಗೆ ಹೇಳುವುದು? ಹೇಳಿದರೆ ಅವಳು ಏನಂದಾಳು? ನಲ್ಲಿ ಅಂಗಳದಾಗೇ ಐತಾ ಕೇಳ್ರಿ, ಅನ್ನುತ್ತಾಳೆ.

ಒಲೆಯಲ್ಲಿ ಸಿಪ್ಪೆ ಕುಸಿದು ಹೊಗೆ ಕಪ್ಪಾಗತೊಡಗಿತು. ಅಭ್ಯಾಸಬಲದಿಂದ ಎದ್ದು, ಸಲಿಕೆಯ ತುದಿಯಲ್ಲಿ ನಾಲ್ಕು ಸಲ ತೆಳ್ಳಗೆ ಎರಚಿ, ಹೊಗೆಬಾಗಿಲನ್ನು ಒಂದು ಗೇಣು ಎಳೆದ. ಬೆಂಕಿ ಮತ್ತೆ ಹಳದಿಯಾಯಿತು. ಎತ್ತಪ್ಪ ಅದನ್ನು, ಬಂದ ಮೊದಲ ದಿನ ನೋಡಿದ ಹಾಗೆಯೇ ನೋಡುತ್ತಿದ್ದ.

ಕಾಟಲಿಂಗಪ್ಪ ಸಲಿಕೆ ಒರಗಿಸಿದ. ಕುರಿಗೆ ಕುಡಿಸಿದ ಎಣ್ಣೆ ಇನ್ನೂ ಅವನ ಅಂಗೈಯಲ್ಲಿ ಅಂಟಿತ್ತು.

“ಲೇ ಎತ್ತಪ್ಪ” ಎಂದ, ತಿರುಗಿ ನೋಡದೆ. “ಮೊದಲ್ನೇ ಪ್ರಶ್ನೆ ಆತು. ಎರಡ್ನೇದು ಯಾವುದು ಹೇಳು.”